ಭಾನುವಾರಕ್ಕೆ ಹಿಂದಿರುಗಿದ ರಕ್ತನಿಧಿ

ರಕ್ತನಿಧಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತಮೂರು ವರ್ಷ ಸವೆಸಿದ ಆಕೆಯನ್ನು ಎಲ್ಲರೂ ಪಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಯಾರ ರಕ್ತ ಯಾವ ಗುಂಪಿನದು, ಯಾವ ಚೀಲ ಯಾವ ಫ್ರಿಜ್ಜಿನಲ್ಲಿದೆ ಎಂಬುದೆಲ್ಲ ಆಕೆಯ ಕಂಪ್ಯೂಟರಿನಲ್ಲಿತ್ತು. ಮೂರ್ಖರನ್ನು ಸಹಿಸುವ ಗುಣವೊಂದನ್ನು ದೇವರು ಆಕೆಗೆ ಕೊಟ್ಟಿರಲಿಲ್ಲ.

ಹೊಸದಾಗಿ ಬಂದ ಮೇಲಧಿಕಾರಿ ಬಾಯಲ್ಲೇ ಬೆಟ್ಟ ಅಗೆಯುವವನು. ಮೊದಲ ವಾರ ಕಿಟಕಿಯ ಪರದೆ ಬದಲಿಸಿದ, ಎರಡನೇ ವಾರ ಮೇಜಿನ ದಿಕ್ಕು ಬದಲಿಸಿದ. ಬದಲಿಸಲು ಇನ್ನೇನೂ ಉಳಿಯದೆ ಹೋದಾಗ ಅವನ ಕಣ್ಣು ದಾನಿಗಳ ಪಟ್ಟಿಯ ಮೇಲೆ ಬಿತ್ತು. ಬುಧವಾರ ಬೆಳಿಗ್ಗೆ ಪಟ್ಟಿಯಕ್ಕ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು. ಬಂದು ನೋಡಿದರೆ, ಒಂದೇ ಹೆಸರಿನ ದಾನಿಗಳನ್ನೆಲ್ಲ ಅವನು ಒಬ್ಬರೇ ಎಂಬಂತೆ ಸೇರಿಸಿಬಿಟ್ಟಿದ್ದ.

"ಇದೇನ್ ಸರ್ ಮಾಡಿದ್ರಿ?" ದವಡೆಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳಿದಳು.

"ಕಸ ಗುಡಿಸಿದೆ. ಒಂದೇ ಹೆಸರು ಏಳೇಳು ಸಲ ಇತ್ತು."

"ಏಳು ಜನ ಇದಾರೆ, ಅದಕ್ಕೇ ಏಳು ಸಲ ಇದೆ. ನಿಮ್ಮ ಹೆಸರಿನೋನು ಊರಲ್ಲಿ ಇನ್ನೊಬ್ಬ ಇದ್ರೆ, ಊಟಕ್ಕೆ ಅವನ ಮನೆಗೆ ಹೋಗ್ತೀರಾ?"

ಪ್ರಯೋಗಾಲಯಕ್ಕೆ ಫೋನ್ ಮಾಡಿ, ಮತ್ತೆ ಪರೀಕ್ಷೆ ಆಗದೆ ಒಂದು ಚೀಲವೂ ಹೊರಗೆ ಹೋಗಕೂಡದು ಎಂದಳು. ಉಳಿದ ದಾರಿ ಒಂದೇ. ಭಾನುವಾರ ಸಂಜೆ ತೆಗೆದಿಟ್ಟ ಬ್ಯಾಕಪ್ಪನ್ನು ತಂದು ಇಡೀ ದಾಖಲೆಯನ್ನೇ ಆ ದಿನಕ್ಕೆ ಹಿಂದಿರುಗಿಸಬೇಕು. ಆಮೇಲೆ ಬರೆದದ್ದೆಲ್ಲ ಹೋಗುತ್ತದೆ.

ಅವನ ಮುಖ ಅರಳಿತು. "ಹಾಗಾದ್ರೆ ನಾನು ಮಾಡಿದ್ದೂ ಅಳಿಸಿಹೋಗುತ್ತೆ ಅಲ್ವಾ?"

ಎರಡೂವರೆ ದಿನ ಜನ ಕೊಟ್ಟ ರಕ್ತದ ಲೆಕ್ಕ ಮಣ್ಣುಪಾಲಾಗುವಾಗ ಈ ಪ್ರಾಣಿಗೆ ತನ್ನ ಚರ್ಮ ಉಳಿದದ್ದೇ ಹಬ್ಬ! ಸಾಲದ್ದಕ್ಕೆ, ಐದು ನಿಮಿಷದ ಹಿಂದೆ ಅವನು ರಕ್ತನಿಧಿಯ ನಿರ್ದೇಶಕಿಗೆ ಫೋನಿನಲ್ಲಿ, ಹೆರಿಗೆ ರಜೆ ಮುಗಿಸಿ ಈಗಷ್ಟೇ ಕೆಲಸಕ್ಕೆ ಮರಳಿದ್ದ, ದಾನಿಗಳನ್ನು ಬರಮಾಡಿಕೊಳ್ಳುವ ಬಾಣಂತಿ ಹೆಣ್ಣುಮಗಳ ಮೇಲೆ ತಪ್ಪು ಹೊರಿಸಿದ್ದನ್ನು ಪಟ್ಟಿಯಕ್ಕ ಬಾಗಿಲಾಚೆಯಿಂದ ಕೇಳಿಸಿಕೊಂಡಿದ್ದಳು.

ಪಟ್ಟಿಯಕ್ಕ ಮೊದಲು ಕೆಟ್ಟ ದಾಖಲೆಯನ್ನೇ ಪೂರ್ತಿಯಾಗಿ ಬೇರೆ ಡಿಸ್ಕಿಗೆ ಇಳಿಸತೊಡಗಿದಳು.

"ಕೆಟ್ಟು ಹೋಗಿದ್ದನ್ನ ಯಾರಾದ್ರೂ ಎತ್ತಿಡ್ತಾರಾ?" ಎಂದ.

"ಹಿಂದಕ್ಕೆ ಹೋಗೋ ಮುಂಚೆ ಇರೋದನ್ನ ಎತ್ತಿಡೋದು ಕ್ರಮ ಸರ್. ಯಾರು ಎಷ್ಟು ಗಂಟೆಗೆ ಏನು ಒತ್ತಿದ್ರು ಅನ್ನೋದೂ ಇದರಲ್ಲೇ ಇರುತ್ತೆ."

ಅವನಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಯಿತು.

ದಾಖಲೆ ಭಾನುವಾರಕ್ಕೆ ಮರಳಲು ನಲವತ್ತು ನಿಮಿಷ ಹಿಡಿಯಿತು. ಏಳು ಜನ ಮತ್ತೆ ಏಳು ಜನವಾದರು. ಆಮೇಲೆ ಪಟ್ಟಿಯಕ್ಕ, ಬಾಣಂತಿ ಇಬ್ಬರೂ ಕೂತು ಕಾಗದದ ಅರ್ಜಿಗಳನ್ನು ನೋಡಿಕೊಂಡು ನೂರ ಎಂಬತ್ತಾರು ದಾನಿಗಳ ವಿವರ ಮತ್ತೆ ತುಂಬಿದರು. ಒಬ್ಬಳು ಓದಬೇಕು, ಇನ್ನೊಬ್ಬಳು ಒತ್ತಬೇಕು. ಮೇಲಧಿಕಾರಿ ಒಮ್ಮೆ ಇಣುಕಿ, ಟೀ ಬಂತಾ ಎಂದು ಕೇಳಿ ಹೋದ.

ಶುಕ್ರವಾರ ನಿರ್ದೇಶಕಿ ಬಂದರು. ಅವನು ಬಾಣಂತಿಯ ಕಡೆ ಬೆರಳು ತೋರಿಸುವಷ್ಟರಲ್ಲಿ ಪಟ್ಟಿಯಕ್ಕ ಒಂದು ಹಾಳೆ ಮುಂದಿಟ್ಟಳು. ಬುಧವಾರ, ಹತ್ತು ನಲವತ್ತೆರಡು. ಪಕ್ಕದಲ್ಲಿ ಅವನದೇ ಹೆಸರು.

"ಆ ಹೊತ್ತಲ್ಲಿ ನಾನು ಸೀಟಲ್ಲೇ ಇರ್ಲಿಲ್ಲ ಮೇಡಂ."

"ಇರ್ಲಿಲ್ವಾ?" ನಿರ್ದೇಶಕಿ ಕನ್ನಡಕ ತೆಗೆದರು. "ಹತ್ತೂ ಮುಕ್ಕಾಲಿಗೆ ನೀವೇ ಫೋನ್ ಮಾಡಿ, ಸೀಟಲ್ಲೇ ಕೂತು ಪಟ್ಟಿ ಸ್ವಚ್ಛ ಮಾಡ್ತಿದೀನಿ ಅಂದ್ರಲ್ಲ?"

ತಿಂಗಳೊಳಗೆ ಅವನನ್ನು ಉಗ್ರಾಣಕ್ಕೆ ಹಾಕಿದರು. ಹೋಗುವ ದಿನ ಹಲ್ಲು ಕಿರಿಯುತ್ತಾ ಬಂದು, "ನಿಮಗೆ ನನ್ನ ಮೇಲೆ ಸಿಟ್ಟಿಲ್ಲ ತಾನೇ?" ಎಂದ.

"ಸಿಟ್ಟು ಬರಬೇಕಾದ್ರೆ ಎದುರಿಗೆ ಒಬ್ಬ ಮನುಷ್ಯ ಇರಬೇಕು ಸರ್."

ಅಷ್ಟರಲ್ಲಿ ಬಾಣಂತಿ ಹೊಸ ದಾನಿಯ ಅರ್ಜಿ ತಂದಳು. ಪಟ್ಟಿಯಕ್ಕ ಅದನ್ನು ತೆಗೆದುಕೊಂಡು, ಹುಟ್ಟಿದ ತಾರೀಕು ಸರಿಯಾಗಿ ಕಾಣಿಸುತ್ತಿಲ್ಲ, ಇನ್ನೊಮ್ಮೆ ಕೇಳಿಕೊಂಡು ಬಾ ಎಂದಳು.