ಉಬ್ಬಸ ಎಂದು ಹೇಳಿದ್ದೆವು

ಕರವಸ್ತ್ರದಲ್ಲಿ ರಕ್ತ ಕಂಡಾಗ ನಾನು ಮೊದಲು ಮಾಡಿದ್ದು, ಅದನ್ನು ಮಡಚಿ ಜೇಬಿಗೆ ಹಾಕಿಕೊಂಡದ್ದು. ಗುಬ್ಬಿಯ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಸುತ್ತ ಹಮಾಲರಿದ್ದರು, ತೂಕ ನಡೆಯುತ್ತಿತ್ತು. ಯಾರೂ ನೋಡಲಿಲ್ಲ. ನೋಡಲಿಲ್ಲವಲ್ಲ ಎಂಬ ಸಮಾಧಾನ ಮೊದಲು ಬಂತು, ಭಯ ಆಮೇಲೆ.

ಎಮರ್ಜೆನ್ಸಿ ಮುಗಿದ ಮರುವರ್ಷ ಅದು. ಬಹಳ ದಿನದಿಂದ ಕೆಮ್ಮಿತ್ತು. ಸಂಜೆಯಾದರೆ ಮೈ ಬಿಸಿ. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕೊಬ್ಬರಿಯ ಧೂಳು ಎಂದುಕೊಂಡು ದಿನ ತಳ್ಳಿದ್ದೆ. ತುಮಕೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಡಾಕ್ಟರು ಚಿಕ್ಕ ವಯಸ್ಸಿನವರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಟಿ.ಬಿ., ಯಜಮಾನ್ರೇ," ಎಂದರು. "ವಾಸಿಯಾಗುತ್ತೆ. ಆದ್ರೆ ಇಂಜೆಕ್ಷನ್ನು, ಮಾತ್ರೆ ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ಗಾಳಿ ಬೆಳಕು ಇರೋ ಕಡೆ ಮಲಗಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡೀರಿ. ಮನೇಲಿ ಓಡಾಡೋರಿಗೆಲ್ಲ ಹೇಳಿ."

ಕೊನೆಯ ಮಾತನ್ನು ನಾವು ಕೇಳಿಸಿಕೊಳ್ಳಲಿಲ್ಲ.

ಮಗಳು ವಿಮಲಾಗೆ ಕುಣಿಗಲ್ ಕಡೆಯ ಸಂಬಂಧವೊಂದು ಕೂಡಿಬರುವಂತಿತ್ತು. ಗಂಡಿನವರು ಬಂದು ನೋಡಿ ಒಪ್ಪಿ ಹೋಗಿದ್ದರು. ಅಪ್ಪನಿಗೆ ಕ್ಷಯ ಎಂದು ತಿಳಿದರೆ ಯಾರು ಹೆಣ್ಣು ತರುತ್ತಾರೆ? ವಾಪಸು ಬರುವ ಬಸ್ಸಿನಲ್ಲೇ ನನ್ನ ಹೆಂಡತಿ ಪಾರ್ವತಿ ತೀರ್ಮಾನಿಸಿದಳು. "ಕೇಳಿದೋರಿಗೆ ಉಬ್ಬಸ ಅಂದ್ಬಿಡೋಣ ಕಣ್ರೀ. ಹನುಮಕ್ಕನ ಕಿವಿಗೇನಾದ್ರೂ ಬಿದ್ರೆ ಬೀದಿಗೆಲ್ಲ ಬಿದ್ದ ಹಾಗೆ."

ನಾನು ತಲೆಯಾಡಿಸಿದೆ.

ಹನುಮಕ್ಕ ನಮ್ಮ ಮನೆಯಲ್ಲಿ ಕಸ ಗುಡಿಸಿ, ನೆಲ ಒರೆಸಿ, ಪಾತ್ರೆ ತಿಕ್ಕುವವಳು. ಎಷ್ಟೋ ವರ್ಷಗಳಿಂದ ಬರುತ್ತಿದ್ದಳು. ಆದರೆ ಅವಳು ಕೆಲಸ ಮಾಡುವುದನ್ನು ನಾನು ನೋಡಿದವನೇ ಅಲ್ಲ. ಅವಳು ಬರುವ ಹೊತ್ತಿಗೆ ನಾನು ಮಂಡಿಯಲ್ಲಿರುತ್ತಿದ್ದೆ. ನಾನು ಊಟಕ್ಕೆ ಬರುವಾಗ ನೆಲ ಒಣಗಿರುತ್ತಿತ್ತು, ಪಾತ್ರೆಗಳು ಬೋರಲು ಬಿದ್ದಿರುತ್ತಿದ್ದವು. ಈಗ ಹಿತ್ತಿಲಿಗೆ ಹೊಂದಿಕೊಂಡ ಕೋಣೆಯಲ್ಲಿ ದಿನವಿಡೀ ಮಲಗಿರುತ್ತಿದ್ದೆ. ಕೆಮ್ಮು ಬೀದಿಗೆ ಕೇಳಬಾರದೆಂದು ಕಿಟಕಿ ಮುಚ್ಚಿಸಿದ್ದೆ. ಆ ಮುಚ್ಚಿದ ಕೋಣೆಗೆ ಬೆಳಿಗ್ಗೆ ಪೊರಕೆ ಹಿಡಿದು ಅವಳು ಬರುತ್ತಿದ್ದಳು.

ಒಬ್ಬರು ನಮ್ಮ ಕಾಲಡಿಯ ಕಸ ತೆಗೆಯುತ್ತಿರುವಾಗ ಮಲಗಿಕೊಂಡವನು ಎಲ್ಲಿ ನೋಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಸೂರು ನೋಡುತ್ತಿದ್ದೆ. ಅದೂ ಸಾಕಾದಾಗ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತಿದ್ದೆ.

"ನಿದ್ದೆ ಮಾಡೋರು ಹಂಗೆ ರೆಪ್ಪೆ ಆಡ್ಸಲ್ಲ ಸ್ವಾಮಿ," ಎಂದಳು ಒಂದು ದಿನ ಮಂಚದ ಕೆಳಗಿನಿಂದಲೇ. "ಒಸಿ ಆ ಹೊದಿಕೆ ಮೇಲಕ್ಕೆಳ್ಕಳಿ, ನೆಲ ಒರಸ್ತೈತೆ. ನನ್ನ ಕೆಲ್ಸ ಅದು ಯಾಕೆ ಮಾಡ್ಬೇಕು?"

ನನಗೆ ನಗು ಬಂತು. ನಗು ಕೆಮ್ಮಾಯಿತು. ಬಾಯಿಗೆ ಬಟ್ಟೆ ಹಿಡಿಯುವುದು ಮರೆತೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೀರು ಬಗ್ಗಿಸಿ ಕೊಟ್ಟಳು. ಮುಂದಿನ ವಾರ ತವರೂರು ಹೆಬ್ಬೂರಿಗೆ ಹೋಗಿ ಬಂದವಳು ಒಂದು ಕಂತೆ ಆಡುಸೋಗೆ ಸೊಪ್ಪು ತಂದಿಟ್ಟಳು. "ಉಬ್ಬಸಕ್ಕೆ ಇದ್ನ ಮೀರಿದ್ದು ಇಲ್ಲ. ಕಷಾಯ ಕಾಯ್ಸಿ ಕೊಡಿ ಅಮ್ಮಾರೇ." ಪಾರ್ವತಿ ಸೊಪ್ಪನ್ನು ತೆಗೆದುಕೊಂಡು ಒಳಗೆ ಹೋದಳು. ನನ್ನ ಮುಖ ನೋಡಲಿಲ್ಲ.

ಬೇರೆ ಇಡುವುದು ನಮ್ಮ ಮನೆಗೆ ಹೊಸದಾಗಿರಲಿಲ್ಲ. ಹಿತ್ತಿಲ ಗೋಡೆಯ ಗೂಡಿನಲ್ಲಿ ಹನುಮಕ್ಕನಿಗೆಂದೇ ಒಂದು ಅಲ್ಯೂಮಿನಿಯಂ ಲೋಟವಿತ್ತು. ಅವಳೇ ತೊಳೆದು ಮುಂದಿಟ್ಟರೆ, ತಾಗದ ಹಾಗೆ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಈಗ ನನ್ನ ತಟ್ಟೆ ಲೋಟ ಬೇರೆ ಮಾಡಬೇಕಾಯಿತು. ಬೇರೆ ಎನ್ನುವುದಕ್ಕೆ ಮನೆಯಲ್ಲಿದ್ದ ಜಾಗ ಅದೊಂದೇ. ಪಾರ್ವತಿ ನನ್ನ ಸ್ಟೀಲ್ ಲೋಟವನ್ನೂ ಅದೇ ಗೂಡಿನಲ್ಲಿಟ್ಟಳು.

ಒಂದು ಬೆಳಿಗ್ಗೆ ಕೋಣೆಯ ಬಾಗಿಲಿನಿಂದ ನೋಡಿದೆ. ಹನುಮಕ್ಕ ಗೂಡಿನ ಮುಂದೆ ನಿಂತಿದ್ದಳು. ಎರಡು ಲೋಟವನ್ನೂ ನೋಡಿ, ಸ್ಟೀಲಿನದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಅವಳ ಮುಖ ಅರಳಿತು. ತನಗೇ ತಂದಿಟ್ಟಿದ್ದಾರೆ ಎಂದುಕೊಂಡಳು. ವಿಮಲಾ ಗಮನಿಸದೆ ಅದಕ್ಕೇ ಕಾಫಿ ಹೊಯ್ದು ಒಳಗೆ ಹೋದಳು. ಹನುಮಕ್ಕ ಕಲ್ಲಿನ ಮೇಲೆ ಕುಳಿತು, ನಿಧಾನವಾಗಿ, ನೆಂಟರ ಮನೆಯಲ್ಲಿ ಕುಡಿಯುವವಳಂತೆ ಕುಡಿದಳು.

ನಾನು ಕೂಗಲಿಲ್ಲ.

ಕೂಗಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಮಧ್ಯಾಹ್ನ ಪಾರ್ವತಿಗೆ ಹೇಳಿ ಆ ಲೋಟವನ್ನು ಒಳಗಿಡಿಸಿದೆ. ಮಾರನೆಯ ದಿನ ಹನುಮಕ್ಕ ಗೂಡಿನಲ್ಲಿ ಕೈಯಾಡಿಸಿ, ಏನೂ ಕೇಳದೆ ಹಳೆಯ ಲೋಟ ತೆಗೆದುಕೊಂಡಳು. ಆ ದಿನ ಅವಳು ಮಾತಾಡದೆ ನೆಲ ಒರೆಸಿದಳು.

ದೀಪಾವಳಿ ಕಳೆದ ಮೇಲೆ ನನ್ನ ಜ್ವರ ಇಳಿಯಿತು. ಅನ್ನ ರುಚಿಸತೊಡಗಿತು. ಹಾಗಿರುವಾಗ ಒಂದು ಬೆಳಿಗ್ಗೆ ಮಂಚದ ಕೆಳಗಿನಿಂದ ಕೆಮ್ಮು ಕೇಳಿತು.

ಅದು ನನ್ನದಲ್ಲ.

"ಎಷ್ಟು ದಿನದಿಂದ ಹನುಮಕ್ಕ?"

"ಯಾವುದು, ಕೆಮ್ಮಾ? ಹಬ್ಬಕ್ಕೂ ಮುಂಚಿಂದ. ಸ್ವಾಮೇರ ಉಬ್ಬಸ ನಿಂಗೂ ಹತ್ಕಂತಾ ಅಂತ ನಮ್ಮತ್ತಿಗೆ ನಗಾಡ್ತಾಳೆ. ಎಲ್ಲಾದ್ರೂ ಉಬ್ಬಸ ಹತ್ಕಂತದಾ?"

ಎದ್ದು ಕುಳಿತೆ. ಪಾರ್ವತಿ ಬಾಗಿಲಲ್ಲಿ ನಿಂತು ಬೇಡ ಎಂದು ಕೈಸನ್ನೆ ಮಾಡುತ್ತಿದ್ದಳು. ಅವಳನ್ನು ನೋಡಿಕೊಂಡೇ ಹೇಳಿದೆ. "ನನಗಿರೋದು ಉಬ್ಬಸ ಅಲ್ಲ. ಕ್ಷಯ. ನಿನಗೆ ಸುಳ್ಳು ಹೇಳಿದ್ವಿ. ಆ ಸ್ಟೀಲ್ ಲೋಟ ನನ್ನದು."

ಹನುಮಕ್ಕ ಪೊರಕೆ ಕೆಳಗಿಟ್ಟಳು.

"ನಮ್ಮನೇಲಿ ಎಳೆ ಕೂಸೈತೆ ಸ್ವಾಮಿ. ಮಗಳು ಬಾಣಂತಿ. ಕೂಸು ನನ್ನ ಮಗ್ಗುಲಲ್ಲೇ ಮಲಗೋದು."

ಬಾಗಿಲಲ್ಲಿದ್ದ ಪಾರ್ವತಿ ಕೈ ಇಳಿಸಿದಳು.

"ಆ ಲೋಟ ನಂಗೆ ಕೊಟ್ರು ಅಂತ ಕೆಲ್ಸದ ಮನೇಲೆಲ್ಲ ಹೇಳ್ಕಂಡು ಬಂದೆ. ಮಾರ್ನೇ ದಿನ ಇಲ್ಲ. ನಾನೇನು ತಪ್ಪು ಮಾಡಿದ್ನೋ ಅಂತ ಉಣ್ಣಲಿಲ್ಲ ಕಣ್ರಮ್ಮ ಅವತ್ತು." ಇದನ್ನು ಅವಳು ಹೇಳಿದ್ದು ಪಾರ್ವತಿಗೆ. ಆಮೇಲೆ ನನ್ನ ಕಡೆ ತಿರುಗಿ, "ಬಾಯಿ ಇರ್ಲಿಲ್ವಾ ನಿಮ್ಗೆ?" ಎಂದಳು. ಅಷ್ಟು ವರ್ಷದಲ್ಲಿ ಅವಳು ನನ್ನೆದುರು ದನಿಯೆತ್ತಿದ್ದು ಅದೇ ಮೊದಲು.

ಮರುದಿನ ತುಮಕೂರಿಗೆ ಹೋದೆವು. ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ. ಎಕ್ಸ್‌ರೇಯಲ್ಲಿ ಬಲಗಡೆ ಮಚ್ಚೆ ಇತ್ತು. ಕಫ ಪಾಸಿಟಿವ್.

ಡಾಕ್ಟರಿಗೆ ಲೋಟದ ಕಥೆ ಹೇಳಿದೆ. ಅವರಿಗೆ ಸಿಟ್ಟು ಬಂತು. "ಲೋಟದ ಮಾತು ಬಿಡಿ ಯಜಮಾನ್ರೇ. ಇದು ಹರಡೋದು ಗಾಳೀಲಿ. ಕಿಟಕಿ ಮುಚ್ಕೊಂಡು ಕೆಮ್ಮಿದ್ರಿ, ಅದೇ ಕೋಣೇಲಿ ಇವರ ಕೈಲಿ ಕಸ ತೆಗೆಸಿದ್ರಿ. ಪಾತ್ರೆ ಬೇರೆ ಇಟ್ಟು ಏನು ಬಂತು?" ಅಂಟಿಕೊಳ್ಳುವುದೆಲ್ಲ ಎಂಜಲಿನಿಂದ, ಮುಟ್ಟುವುದರಿಂದ ಎಂದಷ್ಟೇ ನಮಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಕಲಿತದ್ದು ಅದೊಂದೇ ಎಚ್ಚರಿಕೆ. ಅದನ್ನು ಚಾಚೂ ತಪ್ಪದೆ ಪಾಲಿಸಿ, ಅವಳ ಮುಖದ ಹತ್ತಿರವೇ ಕೆಮ್ಮಿದ್ದೆ.

"ನನ್ನಿಂದಲೇ ಬಂತಾ ಡಾಕ್ಟ್ರೇ?"

"ಹಾಗೆ ಹೇಳಕ್ಕಾಗಲ್ಲ. ಇವರಿಗೇ ಮೊದಲು ಇದ್ದಿರಲೂಬಹುದು."

ಇಲ್ಲಿ ನಾನು ಬರೆಯಲೇಬೇಕಾದ ಮಾತೊಂದಿದೆ. ಡಾಕ್ಟರ ಆ ಮಾತು ಕೇಳಿ ನನಗೆ ಸಂತೋಷವಾಯಿತು. ಹನುಮಕ್ಕ ಪಕ್ಕದ ಬೆಂಚಿನ ಮೇಲೆ ತೋಳು ಹಿಡಿದುಕೊಂಡು ಕುಳಿತಿದ್ದಳು, ಮೊದಲ ಇಂಜೆಕ್ಷನ್ ಆಗಿತ್ತು, ನನಗೆ ಸಂತೋಷವಾಯಿತು. ಮನೆಗೆ ಬಂದು ಹೇಳಿದರೆ ಪಾರ್ವತಿ, "ನೋಡಿದ್ರಾ, ಅವಳೇ ತಂದು ಹಚ್ಚಿರೋದು," ಎಂದಳು. ನಾನು ಅಲ್ಲ ಎನ್ನಲಿಲ್ಲ. ಕೆಲವು ದಿನ ಆ ಮಾತಿನ ಆಸರೆಯಲ್ಲೇ ಊಟ ಮಾಡಿದೆ, ನಿದ್ದೆ ಮಾಡಿದೆ. ರೋಗ ನನಗೆ ಯಾರೋ ಕೊಟ್ಟದ್ದಿರಬಹುದು, ಅದರಲ್ಲಿ ನನ್ನ ತಪ್ಪಿಲ್ಲ. ಆದರೆ ಆ ಸಂತೋಷವನ್ನು ನನಗೆ ಯಾರೂ ಕೊಡಲಿಲ್ಲ, ಅದು ನನ್ನದೇ. ಯಾರಿಂದ ಯಾರಿಗೆ ಬಂದಿದ್ದರೂ, ನಾವು ಮೊದಲ ದಿನವೇ ನಿಜ ಹೇಳಿದ್ದರೆ ಅವಳ ಎದೆಯ ಫೋಟೋ ಮೊದಲೇ ತೆಗೆಸಬಹುದಿತ್ತು. ಕೂಸನ್ನು ದೂರ ಮಲಗಿಸಬಹುದಿತ್ತು. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೋಗಲು ಅಷ್ಟು ದಿನ ಬೇಕಾಯಿತು.

ಒಬ್ಬಳಿಗೆ ಹೇಳಿದ ಮೇಲೆ ಇನ್ನೊಬ್ಬರಿಗೆ ಹೇಳುವುದು ಸುಲಭವಾಯಿತು. ಕುಣಿಗಲ್‌ಗೆ ನಾನೇ ಹೋಗಿ ಬೀಗರಾಗಬೇಕಿದ್ದವರಿಗೆ ತಿಳಿಸಿದೆ. "ಮೊದ್ಲು ಹುಷಾರಾಗಿ, ಆಮೇಲೆ ನೋಡನ," ಎಂದು ಮಜ್ಜಿಗೆ ಕೊಟ್ಟು ಕಳಿಸಿದರು. ಮತ್ತೆ ಬರಲಿಲ್ಲ. ಪಾರ್ವತಿ ಬಹಳ ದಿನ ನನ್ನೊಡನೆ ಮಾತು ಬಿಟ್ಟಳು. ವಿಮಲಾ ಮಾತ್ರ, "ಹೋಗ್ಲಿ ಬಿಡಣ್ಣ, ಸುಳ್ಳು ಹೇಳಿ ಕಳಿಸಿದ್ರೆ ಅಲ್ಲಿ ಕೆಮ್ಮಕ್ಕೂ ಹೆದರ್ಬೇಕಿತ್ತು," ಎಂದಳು. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಎಂದೇ ಕರೆಯುವುದು.

ಹನುಮಕ್ಕ ಮತ್ತೆ ನಮ್ಮ ಮನೆಗೆ ಕೆಲಸಕ್ಕೆ ಬರಲಿಲ್ಲ. ಕೂಸಿಗೂ ಮಾತ್ರೆ ಕೊಟ್ಟರು; ಅದಕ್ಕೇನೂ ಆಗಲಿಲ್ಲ. ಆ ಸುದ್ದಿ ಬಂದ ದಿನ ನಾನು ದೇವರ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಆಸ್ಪತ್ರೆಯಲ್ಲಿ ಮಾತ್ರೆ ತರಲು ಹೋದಾಗ ಅವಳು ಸಿಗುತ್ತಿದ್ದಳು. ಒಮ್ಮೆ ತಪ್ಪಾಯಿತು ಎಂದೆ.

"ನಂಗೇನು ಹೇಳ್ತೀರಾ ಬುಡಿ," ಎಂದು ಚೀಟಿಯ ಸಾಲಿಗೆ ಹೋಗಿ ನಿಂತಳು.

ಕ್ಷಮಿಸಿದಳೆಂದು ನಾನು ತಿಳಿದಿಲ್ಲ. ಇಬ್ಬರಿಗೂ ವಾಸಿಯಾಯಿತು, ಅವಳಿಗೆ ನನಗಿಂತ ತಡವಾಗಿ. ಬಾವಿಯಿಂದ ಒಂದು ಬಿಂದಿಗೆ ಸೇದಿದರೂ ನನಗೆ ಏದುಸಿರು. ಇಷ್ಟಾದರೂ ಉಳಿದೆನಲ್ಲ ಎನಿಸುತ್ತದೆ. ನಮ್ಮ ಮನೆಯ ಕಸವನ್ನು ಈಗ ನಾವೇ ಗುಡಿಸುತ್ತೇವೆ.

ಹೋದ ತಿಂಗಳು ಮಂಡಿಯಲ್ಲಿ ನನ್ನೊಡನಿದ್ದ ಗೆಳೆಯರೊಬ್ಬರು ಮನೆಗೆ ಬಂದಿದ್ದರು. ಅವರ ಮನೆಗೆ ಹನುಮಕ್ಕನನ್ನು ಕೆಲಸಕ್ಕೆ ಕರೆದಿದ್ದರಂತೆ. "ಏನ್ ಕೊಬ್ಬಯ್ಯ ಆ ಹೆಂಗಸಿಗೆ! ಪೊರಕೆ ಮುಟ್ಟೋಕೆ ಮುಂಚೆ ಹೊಸಿಲಲ್ಲಿ ನಿಂತು, ಮನೇಲಿ ಯಾರಿಗಾದ್ರೂ ಕೆಮ್ಮು ಐತಾ, ನಿಜ ಹೇಳಿ ಅಂತಾಳೆ. ಕೆಲಸದೋಳು ನಮ್ಮನ್ನ ಕೇಳೋದಾ? ಯಾರು ಕಲಿಸಿದ್ರೋ!"

"ನಾನು," ಎಂದೆ. "ಕೂತ್ಕೊಳ್ಳಿ, ಹೇಳ್ತೀನಿ."