ಕೊಕ್ಕರೆ ಟೈಲರನ ಪ್ಯಾಂಟು

ಬೀದಿಯ ತಿರುವಿನ ಟೈಲರನಿಗೆ ಚಿಕ್ಕಂದಿನಿಂದಲೂ ಕೊಕ್ಕರೆ ಎಂಬ ಅಡ್ಡಹೆಸರು. ಎದೆ, ತೋಳು ಪೈಲ್ವಾನನವು. ಕಾಲು ಮಾತ್ರ ಕಡ್ಡಿ. ಕತ್ತರಿ ಹಿಡಿಯಲು ಕಲಿತ ಮೇಲೆ ತನ್ನ ಪ್ಯಾಂಟಿಗೆ ದಪ್ಪ ಲೈನಿಂಗ್ ಕೊಟ್ಟು, ಕಾಲು ತುಂಬಿಕೊಂಡಂತೆ ಹೊಲಿದುಕೊಂಡ. ಹೆಂಡತಿಯೊಬ್ಬಳನ್ನು ಬಿಟ್ಟರೆ ಆ ಗುಟ್ಟು ಯಾರಿಗೂ ತಿಳಿಯಲಿಲ್ಲ.

ನಲವತ್ತು ದಾಟುವ ಮೊದಲೇ ಬಿ.ಪಿ. ಅಂಟಿಕೊಂಡಿತು. ಮಾತ್ರೆ ಬದಲಾಯಿತು, ಡಾಕ್ಟರುಗಳು ಬದಲಾದರು, ಬಿ.ಪಿ. ಜಗ್ಗಲಿಲ್ಲ. ಎಲ್ಲರೂ ತೋಳಿಗೆ ಪಟ್ಟಿ ಸುತ್ತಿ ನೋಡಿದರೇ ಹೊರತು ಕಾಲಿನ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ. ಹೊಲಿಗೆ ಅಷ್ಟು ಚೆನ್ನಾಗಿತ್ತು. ಮಷೀನು ತುಳಿಯುತ್ತ ಕಾಲು ಸೋತರೆ, ಕಸುಬಿನ ನೋವೆಂದು ಅವನೂ ಸುಮ್ಮನಾಗುತ್ತಿದ್ದ.

ಒಂದು ದಿನ ಕಾಲರ್ ಹೊಲಿಯುವಾಗ ತಲೆ ಸಿಡಿದು, ಕಣ್ಣು ಕತ್ತಲಿಟ್ಟು ಕುಸಿದ. ಆಸ್ಪತ್ರೆಯ ಹೊಸ ಡಾಕ್ಟರಮ್ಮ ಮಂಚದ ಮೇಲೆ ಮಲಗಿಸಿ ಪ್ಯಾಂಟು ಸಡಿಲಿಸಲು ಹೇಳಿದರು. ಅವನು ನಾಚಿಕೊಂಡೇ ಸಡಿಲಿಸಿದ. ಅವರು ಒಂದು ಕೈಯನ್ನು ಅವನ ಮಣಿಕಟ್ಟಿನ ಮೇಲೂ ಇನ್ನೊಂದನ್ನು ತೊಡೆಸಂದಿಯಲ್ಲೂ ಇಟ್ಟು ಬಹಳ ಹೊತ್ತು ನಾಡಿ ನೋಡಿದರು. ಮೇಲಿನದು ಗುದ್ದುತ್ತಿತ್ತು, ಕೆಳಗಿನದು ಸೊರಗಿ, ತಡವಾಗಿ ಬರುತ್ತಿತ್ತು.

ಸ್ಕ್ಯಾನಿನಲ್ಲಿ ಕಾರಣ ಕಂಡಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ತಲೆಗೂ ತೋಳಿಗೂ ಕವಲು ಕೊಟ್ಟ ಮೇಲೆ, ಒಂದು ಕಡೆ ಹುಟ್ಟಿನಿಂದಲೇ ಬಿಗಿದುಕೊಂಡಿತ್ತು; ಮೇಲೆ ಒತ್ತಡ ಏರುತ್ತಿತ್ತು, ಕಾಲಿಗೆ ರಕ್ತ ಸಾಲುತ್ತಿರಲಿಲ್ಲ. ಈ ವಯಸ್ಸಿನವರೆಗೆ ಗೊತ್ತಾಗದೆ ಉಳಿಯುವುದು ಅಪರೂಪ ಎಂದರು ಡಾಕ್ಟರಮ್ಮ. ಹೀಗೇ ಬಿಟ್ಟರೆ ಮಿದುಳಿನ ನಾಳ ಒಡೆಯಬಹುದು. ತೊಡೆಯಿಂದ ತೆಳು ಕೊಳವೆ ತೂರಿಸಿ, ಬಿಗಿದ ಜಾಗದಲ್ಲಿ ಬಲೂನು ಉಬ್ಬಿಸಿ, ಸ್ಟೆಂಟ್ ಕೂರಿಸಬೇಕು.

ಅವನು ಮಂಚದಿಂದ ಕೆಳಗಿಳಿದ. ಹುಟ್ಟಿದಾಗಿನಿಂದ ಇದ್ದದ್ದು ಹಾಗೇ ಇರಲಿ ಎಂದು ಚಪ್ಪಲಿ ಹುಡುಕತೊಡಗಿದ.

ಹೆಂಡತಿ ಚಪ್ಪಲಿಯನ್ನು ಮಂಚದಡಿಗೆ ತಳ್ಳಿದಳು. "ಗಿರಾಕಿ ಕಂಕುಳಲ್ಲಿ ಬಿಗಿ ಅಂದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೊಡ್ತೀರಿ. ನಿಮ್ಮದನ್ನ ಬಿಗೀನೇ ಹಾಕ್ಕೊಂಡು ಓಡಾಡ್ತೀರಾ?"

"ಅಂಗಿ ಕೆಟ್ರೆ ಇನ್ನೊಂದು ಹೊಲೀಬಹುದು ಕಣೇ."

"ಅದಕ್ಕೇ ಹೇಳ್ತಿರೋದು," ಎಂದು ಅವಳು ಮುಖ ತಿರುಗಿಸಿದಳು.

ಅವನು ಮತ್ತೆ ಮಲಗಿದ.

ಸ್ಟೆಂಟ್ ಕೂರಿಸಿ ವಾರ್ಡಿಗೆ ತಂದಾಗ ಅವಳು ಹೊದಿಕೆಯೊಳಗೆ ಕೈ ಹಾಕಿ ಪಾದ ಮುಟ್ಟಿದಳು. ಮದುವೆಯಾದಾಗಿನಿಂದ ಮಂಜುಗಡ್ಡೆಯಂತಿದ್ದ ಪಾದ ಬೆಚ್ಚಗಿತ್ತು. ಬಿಡಲು ಮನಸ್ಸಾಗದೆ ಹಾಗೇ ಹಿಡಿದು ಕೂತಳು.

ಬಿ.ಪಿ. ಇಳಿಯಿತು, ಒಂದು ಮಾತ್ರೆ, ಆಗಾಗ ತಪಾಸಣೆ ಉಳಿದವು. ಅಂಗಡಿ ತೆರೆದ ದಿನ ಅವನು ಮೊದಲು ತನ್ನ ಪ್ಯಾಂಟುಗಳ ಲೈನಿಂಗ್ ಬಿಚ್ಚಿ, ಒಂದನ್ನು ತೊಟ್ಟು ಮಷೀನಿಗೆ ಕೂತ.

"ಏನೋ ಕೊಕ್ಕರೆ, ಕಾಲೆಲ್ಲಿ ಹೋಯ್ತು?" ಎಂದ ಪಕ್ಕದಂಗಡಿಯವನು.

"ಇಲ್ಲೇ ಇದೆ. ತಪಾಸಣೆಗೆ ಹೋದಾಗ ಡಾಕ್ಟರಮ್ಮ ಹುಡುಕೋ ಹಾಗಾಗಬಾರದಲ್ಲ," ಎಂದು ಅವನು ತುಳಿಯತೊಡಗಿದ.