ಆಳಿಗೆ ಆಳು

ನನ್ನ ತರಗತಿಯ ಅತ್ಯಂತ ಚುರುಕಿನ ವಿದ್ಯಾರ್ಥಿನಿಗೆ ಬಾಯಲ್ಲಿ ಹಲ್ಲಿರಲಿಲ್ಲ. ಕ್ಯಾಮೆರಾ ಆನ್ ಮಾಡಲು ಹೇಳಿದ ದಿನ ಅದು ತಿಳಿಯಿತು.

ಬಳ್ಳಾರಿಯಿಂದ ಶಿರಸಿಯ ಕಾಲೇಜಿಗೆ ಇತಿಹಾಸ ಕಲಿಸಲು ಬಂದು ಮೂರು ತಿಂಗಳಿಗೇ ಲಾಕ್‌ಡೌನ್. ಪಾಠ ಬಾಡಿಗೆ ಕೋಣೆಯಿಂದ, ಮೊಬೈಲಿನಲ್ಲಿ. ನಮ್ಮೂರಲ್ಲಿ ಮಾತಾಡಿಸಿದರೆ ಬೈಗುಳವಾದರೂ ವಾಪಸು ಬರುತ್ತದೆ. ಇಲ್ಲಿ ಪರದೆ ಮೇಲೆ ನಲವತ್ತು ಹೆಸರು, ಸದ್ದಿಲ್ಲ. ಮನೆಯೊಡತಿ ಸುಶೀಲಕ್ಕ ಕಿಟಕಿಯಿಂದ ಕೆಣಕುತ್ತಿದ್ದರು: "ಎಂತದ್ರಾ ಮೇಡಂ, ಗೋಡೆ ಹತ್ರ ಮಾತಾಡ್ತ್ರಾ?"

ಹಟ ಹುಟ್ಟಿತು. ಹೆಸರು ಕರೆದ ಕೂಡಲೇ, ಕಥೆ ಕೇಳುವವರ ಹಾಗೆ, 'ಹೂಂ' ಅನ್ನಬೇಕು. ಅನ್ನದವರಿಗೆ ಹಾಜರಿಯಿಲ್ಲ ಎಂದೆ. ತಪ್ಪದೆ ಹೂಂಗುಟ್ಟಿದವಳು ಹುಲಗೋಳ ಕಡೆಯ ಲಲಿತಾ. ಅವಳನ್ನು ತೋರಿಸಿ ಉಳಿದವರನ್ನು ಚುಚ್ಚುತ್ತಿದ್ದೆ. ಹದಿನೈದು ದಿನ ಎಂದು ನನ್ನ ನೆನಪು. ಹಾಜರಿ ಪುಸ್ತಕದಲ್ಲಿ ಹನ್ನೊಂದಿದೆ.

ಕ್ಯಾಮೆರಾ ಆನ್ ಮಾಡಿಸಿದಾಗ ಲಲಿತಾಳ ಹೆಸರಿನಲ್ಲಿ ಕಂಡದ್ದು, ಸಿಗ್ನಲ್ಲಿಗಾಗಿ ಗುಡ್ಡದ ಮೇಲೆ ಕೊಡೆ ಹಿಡಿದು ಕೂತ ಅಜ್ಜಿ.

"ಲಲಿತಾ ಎಲ್ಲಿ?"

"ಮುಯ್ಯಾಳಿಗೆ ಹೋಗ್ಯದೆ ಅಮ್ಮಾ. ಅದ್ರ ಬದ್ಲಿಗೆ ನಾ ಬಂದೆ. ಆಳಿಗೆ ಆಳು ಸರಿ ಆತಲ್ಲ?"

ಮುಯ್ಯಾಳೆಂದರೆ ಕೂಲಿಯಿಲ್ಲದ ಬದಲಿ ದುಡಿಮೆ: ನೆರೆಯವರು ನಮ್ಮ ನಾಟಿಗೆ ಬಂದಷ್ಟು ದಿನ ನಮ್ಮವರು ಅವರ ಗದ್ದೆಗೆ. ಒಬ್ಬರಿಗಾಗದಿದ್ದರೆ ಮನೆಯ ಇನ್ನೊಬ್ಬರು ಹೋದರಾಯಿತು. ಆಮೇಲೆ ಪದದ ಅರ್ಥ ಕೇಳಿದಾಗ ಸುಶೀಲಕ್ಕ ಇದನ್ನು ವಿವರಿಸಿದರು. ಆಗ ನನಗೆ ಗೊತ್ತಾದದ್ದು ಅವಮಾನ ಮಾತ್ರ.

"ಹಾಗಾದರೆ ಪರೀಕ್ಷೆಗೂ ನೀವೇ ಬನ್ನಿ ಅಜ್ಜಿ," ಎಂದೆ.

ನಲವತ್ತು ಮೈಕುಗಳೂ ನಕ್ಕವು. ಮೊದಲು ನಕ್ಕದ್ದು ವಿದ್ಯಾರ್ಥಿಗಳೆಂದೇ ಹೇಳಿಕೊಂಡು ಬಂದಿದ್ದೇನೆ. ನಾನೇ ಇರಬೇಕು. ಅಜ್ಜಿಯೂ ನಕ್ಕರು: "ಬರ್ತೆ, ಓದೂಕೆ ಬರೂದಿಲ್ಲ ಅಷ್ಟೇ." ಬೆರಳೊತ್ತಿ ಅವರನ್ನು ಹೊರಹಾಕಿದೆ. ಹನ್ನೊಂದು ದಿನದ ಹಾಜರಿಯನ್ನೂ ಹೊಡೆದುಹಾಕಿದೆ. ಆವತ್ತು ತರಗತಿಗೆ ಮೊದಲ ಬಾರಿ ಜೀವ ಬಂದಿತ್ತು, ನನಗೆ ಖುಷಿಯಾಗಿತ್ತು.

ಸಂಜೆ ಲಲಿತಾ ಫೋನು ಮಾಡಿದಳು. "ಹಾಜರಿ ಕಡ್ಮೆ ಆದ್ರೆ ಪರೀಕ್ಷೆಗೆ ಕೂರ್ಸೂದಿಲ್ಲ ಮೇಡಂ. ಒಂದು ವರ್ಷ ಹೋದ್ರೆ ಅಪ್ಪ ಮತ್ತೆ ಕಾಲೇಜಿಗೆ ಕಳ್ಸೂದಿಲ್ಲ."

ನಿಯಮ ಎಂದೆ. ಹೂಂಗುಟ್ಟುವ ನಿಯಮ ಮಾಡಿದ್ದು ನಾನೇ. ಅವಳು ಪರೀಕ್ಷೆಗೆ ಕೂರಲಿಲ್ಲ.

ಬಳ್ಳಾರಿಯಲ್ಲಿ ಇದನ್ನು ಹೇಳಿದರೆ, "ಕಾಡಿನ ಮಂದಿ ಹಂಗೇ ಬಿಡವ್ವಾ" ಎಂದು ನಗುತ್ತಾರೆ. ಅವರೊಡನೆ ಶಿರಸಿಯ ಪರವಾಗಿ ಜಗಳವಾಡುತ್ತೇನೆ. ಶಿರಸಿಯಲ್ಲಿ ಯಾರಿಗೂ ಹೇಳಿಲ್ಲ.

ಮೊನ್ನೆ ತುಂಬಿದ ಬಸ್ಸಿನಲ್ಲಿ ಲಲಿತಾ ನನ್ನನ್ನು ಕಂಡು ಎದ್ದು ನಿಂತಳು, ಸೊಂಟದಲ್ಲಿ ಮಗು. "ಕೂತ್ಕಳಿ ಮೇಡಂ." ಪಕ್ಕದ ಹೆಂಗಸಿಗೆ "ನಮ್ಮ ಮೇಡಂ" ಎಂದು ಪರಿಚಯಿಸಿದಳು. ಈ ಊರಿನ ಬಾಯಲ್ಲಿ ಆ 'ನಮ್ಮ' ಕೇಳಬೇಕೆಂದು ಇಷ್ಟು ವರ್ಷ ಕಾದಿದ್ದೆ.

ನಾನು ಕೂತೆ.